ಕೊನೇ ಬೆಂಚಿನಿಂದ ಮೇಷ್ಟರನ್ನು ಅಳೆದದ್ದು

ಇದನ್ನು ಬರೆಯಬೇಕು ಅಂತ ಕೆಲಸ ಬಿಟ್ಟಾಗಿನಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಮೊದಲು ಕಣ್ಣಿನ ಪೊರೆಯ ಆಪರೇಷನ್ ಮುಗಿಯಲಿ ಅಂತ ಮುಂದೂಡಿದೆ. ಆಪರೇಷನ್ ಆಯಿತು, ಕಣ್ಣು ಚೆನ್ನಾಗಿ ಕಾಣತೊಡಗಿತು. ಆಮೇಲೆ ಮೊಣಕಾಲು ನೋವಿನ ನೆಪ ಹಿಡಿದೆ. "ಮೊಣಕಾಲಿಗೂ ಬರೆಯೋದಕ್ಕೂ ಏನು ಸಂಬಂಧ ರೀ?" ಅಂತ ನನ್ನ ಹೆಂಡತಿ ಕೇಳಿದಳು. ನನ್ನ ಮೊಣಕಾಲು ಹಾಳಾದದ್ದೇ ಮಕ್ಕಳ ಬೆಂಚಿನಲ್ಲಿ ಮುದುರಿ ಕೂತು ಕೂತು. ಹಾಗಾಗಿ ಸಂಬಂಧ ಇದೆ. ಆದರೆ ನೆಪವೇನೋ ನೆಪವೇ.

ಈಚೆಗೆ ಪಕ್ಕದ ಮನೆಯ ಸಹನಾ ಪೇಡ ಹಿಡಿದುಕೊಂಡು ಬಂದಳು. ಬಿ.ಎಡ್. ಮುಗಿಸಿದ ಹುಡುಗಿ.

"ಅಂಕಲ್, ಕೆಲಸ ಸಿಕ್ತು. ಪಾಠ ಮಾಡೋದಲ್ಲ, ಪಾಠ ಮಾಡೋರನ್ನ ನೋಡೋದು. ಕ್ಲಾಸಲ್ಲಿ ಕೂತು ಅಬ್ಸರ್ವ್ ಮಾಡ್ಬೇಕು, ಮಕ್ಕಳ ಮಾರ್ಕ್ಸ್ ಡೇಟಾ ನೋಡ್ಬೇಕು, ಟೀಚರ್‌ಗೆ ರೇಟಿಂಗ್ ಕೊಡ್ಬೇಕು. ನೀವೂ ಇದೇ ಮಾಡ್ತಿದ್ರಂತೆ. ಹೇಗಿರುತ್ತೆ?"

"ಚೆನ್ನಾಗಿರುತ್ತೆ ಕಣಮ್ಮ," ಅಂದೆ. ಪೇಡ ತಿಂದೆ.

ಅವಳು ಹೋದ ಮೇಲೂ ಬಾಯಿ ಸಿಹಿಯಾಗಿಯೇ ಇತ್ತು. ನನ್ನ ಮಕ್ಕಳ ವಯಸ್ಸಿನವಳಿಗೆ ಸುಳ್ಳು ಹೇಳಿ ಅವಳ ಪೇಡವನ್ನೇ ತಿಂದಿದ್ದೆ. ಹಾಗಾಗಿ ಸಹನಾಳಿಗೆ ಮತ್ತು ಅವಳ ಹಾಗೆ ಈ ಕೆಲಸಕ್ಕೆ ಇಳಿಯುವವರಿಗೆ, ಆ ಕೆಲಸ ನಿಜವಾಗಿ ಹೇಗಿತ್ತು ಅನ್ನುವುದನ್ನು ಬರೆಯುತ್ತಿದ್ದೇನೆ.

ನನ್ನ ಓದು ಎಸ್ಸೆಸ್ಸೆಲ್ಸಿ. ಅದೂ ಎರಡನೇ ಯತ್ನದಲ್ಲಿ, ಗಣಿತದಲ್ಲಿ ಗ್ರೇಸ್ ಮಾರ್ಕ್ಸ್ ಸಿಕ್ಕಿದ್ದರಿಂದ. ಜಾಲಹಳ್ಳಿ ಕಡೆ ಒಂದು ಕಾರ್ಖಾನೆಗೆ ಹೆಲ್ಪರ್ ಆಗಿ ಸೇರಿ, ತಪಾಸಣೆ ವಿಭಾಗದಲ್ಲಿ ಚೆಕರ್ ಆದೆ. ಕೆಲಸ ಸರಳ. ಗೇಜ್ ಅನ್ನುವ ಒಂದು ಉಕ್ಕಿನ ಅಳತೆ ಇರುತ್ತದೆ. ತಯಾರಾದ ಪಿನ್ನು ಅದರ ತೂತಿನೊಳಗೆ ಸರಾಗವಾಗಿ ಇಳಿದರೆ ಪಾಸು, ಇಳಿಯದಿದ್ದರೆ ಕೆಂಪು ಡಬ್ಬಕ್ಕೆ. ಪಿನ್ನಿಗೆ ಯಾಕೆ ಹಾಗಾಯಿತು ಅಂತ ಚೆಕರ್ ಕೇಳಬೇಕಾಗಿಲ್ಲ. ಪಿನ್ನೂ ಏನೂ ಹೇಳುವುದಿಲ್ಲ. ಅರ್ಧ ಆಯುಷ್ಯ ಹಾಗೇ ಕಳೆದು, ಕಾರ್ಖಾನೆಯಲ್ಲಿ ಕೆಲಸ ಕಡಿಮೆಯಾದಾಗ ಸ್ವಯಂ ನಿವೃತ್ತಿ ತೆಗೆದುಕೊಂಡು ಹೊರಗೆ ಬಂದೆ.

ಆಗ ವಿದ್ಯಾರಣ್ಯಪುರದ ಹತ್ತಿರ ಸಿಂಗಾಪುರ ಅನ್ನುವ ಹಳ್ಳಿಯ ಕಡೆ ಒಂದು ಶಾಲೆಯ ಫೀಸು ಕೌಂಟರಿನಲ್ಲಿ ಕೆಲಸ ಸಿಕ್ಕಿತು. ಶಾಲೆ ಕಟ್ಟಿಸಿದವರು ಊರಿನ ಹಳೇ ಒಕ್ಕಲು ಮನೆತನದವರು. ರಾಗಿ ಬೆಳೆಯುತ್ತಿದ್ದ ಹೊಲ ಲೇಔಟ್ ಆದಾಗ ಒಂದು ಮೂಲೆಯನ್ನು ಮಾರದೆ ಶಾಲೆಗೆ ಅಂತ ಉಳಿಸಿಕೊಂಡಿದ್ದರು. ನಾವೆಲ್ಲ ಅವರನ್ನು ಯಜಮಾನರು ಅನ್ನುತ್ತಿದ್ದೆವು. ಒಳ್ಳೆಯ ಮನುಷ್ಯ. ಆದರೆ ಮೇಷ್ಟರುಗಳು ತಮಗೆ ಮೋಸ ಮಾಡುತ್ತಿದ್ದಾರೆ ಅನ್ನುವ ಅನುಮಾನ ಅವರನ್ನು ಯಾವತ್ತೂ ಬಿಡಲಿಲ್ಲ. ತಾವು ಓದದೇ ಇದ್ದದ್ದರಿಂದ ಓದಿದವರು ಬಾಗಿಲು ಹಾಕಿಕೊಂಡು ಒಳಗೆ ಏನು ಮಾಡುತ್ತಾರೋ ಅನ್ನುವ ಚಿಂತೆ.

ಒಂದು ದಿನ ನನ್ನ ಕೌಂಟರ್ ಮುಂದೆ ನಿಂತು ಕೇಳಿದರು.

"ನೀವು ಫ್ಯಾಕ್ಟ್ರೀಲಿ ಏನ್ ಮಾಡ್ತಿದ್ರಿ?"

"ಮಾಲು ಚೆಕ್ ಮಾಡ್ತಿದ್ದೆ ಯಜಮಾನ್ರೇ."

"ಅಂಗಾದ್ರೆ ಮೇಷ್ಟ್ರುನ್ನ ಚೆಕ್ ಮಾಡಕಾಗಲ್ವಾ?"

ಬೇರೆಯವರಾಗಿದ್ದರೆ ಆಗುವುದಿಲ್ಲ ಅನ್ನುತ್ತಿದ್ದರು. ನಾನು, "ಶೀಟು ಒಂದು ಬೇಕಾಗುತ್ತೆ," ಅಂದೆ. ಶೀಟು ಬಂತು. ಯಾವುದೋ ದೊಡ್ಡ ಶಾಲೆಯದನ್ನು ಪ್ರಿನ್ಸಿಪಾಲ್ ಮೇಡಂ ತರಿಸಿದ್ದರು. ಧ್ವನಿ ಕೇಳಿಸುತ್ತದೆಯೇ, ಬೋರ್ಡ್ ಬಳಸಿದರೇ, ಪ್ರಶ್ನೆ ಕೇಳಿದರೇ, ಬೋಧನಾ ಮಾಧ್ಯಮದಲ್ಲೇ ಮಾತಾಡಿದರೇ, ತರಗತಿ ಶಿಸ್ತಿನಲ್ಲಿ ಇತ್ತೇ ಅಂತ ಸಾಲುಗಳು. ಪ್ರತಿ ಸಾಲಿಗೂ ಅಂಕ. ಹೀಗೆ ಗಣಿತದಲ್ಲಿ ಗ್ರೇಸ್ ಮಾರ್ಕ್ಸ್ ತೆಗೆದುಕೊಂಡವನು ಎಂ.ಎಸ್ಸಿ. ಓದಿದವರಿಗೆ ಅಂಕ ಕೊಡಲು ಶುರುಮಾಡಿದೆ.

ಮೇಷ್ಟರುಗಳು ನನಗೆ ಇಟ್ಟ ಹೆಸರು ಚೆಕಿಂಗ್. ಬಸ್ಸು ಹತ್ತಿ ಟಿಕೆಟ್ ಕೇಳುತ್ತಾರಲ್ಲ, ಅವರ ಹಾಗೆ. ಇಟ್ಟವರು ವಿಜ್ಞಾನದ ರಂಗನಾಥ್. ಶಾಲೆ ಶುರುವಾದಾಗಿನಿಂದ ಇದ್ದವರು, ತುಂಬ ತಮಾಷೆಯ ಮನುಷ್ಯ. ನಾನು ಕಾರಿಡಾರಿನಲ್ಲಿ ಕಂಡರೆ ಶರ್ಟಿನ ಜೇಬು ತಟ್ಟಿ, "ಟಿಕೆಟ್ ಇದೆ ಸಾರ್, ಪಾಸೂ ಇದೆ, ಬನ್ನಿ," ಅನ್ನುತ್ತಿದ್ದರು.

ಮೊದಲ ವರ್ಷದ ತಪ್ಪುಗಳನ್ನು ಬರೆದರೆ ಅದೇ ಒಂದು ಪುಸ್ತಕವಾದೀತು. ಸಮಾಜ ವಿಜ್ಞಾನದ ಒಬ್ಬ ಮೇಡಂ ತರಗತಿಗೆ ನಾನು ಹೋದಾಗಲೆಲ್ಲ ಜಲಚಕ್ರದ ಪಾಠ ನಡೆಯುತ್ತಿತ್ತು. ಸಮುದ್ರ, ಆವಿ, ಮೋಡ, ಮಳೆ. ಮೇಡಂ ಕೇಳುವ ಮೊದಲೇ ಮಕ್ಕಳ ಕೈಗಳು ಮೇಲೇಳುತ್ತಿದ್ದವು. ನನಗೆ ಬಹಳ ಸಂತೋಷವಾಯಿತು. ಪ್ರತಿ ಸಲ ಪೂರ್ತಿ ಅಂಕ ಕೊಟ್ಟೆ. ಒಂದು ಸಲ ಪಕ್ಕದಲ್ಲಿ ಕೂತಿದ್ದ ಹುಡುಗಿ, ಮೇಡಂ ಬೋರ್ಡಿನ ಮೇಲೆ ಮೋಡ ಬರೆಯುವ ಮುಂಚೆಯೇ ತನ್ನ ಪುಸ್ತಕದಲ್ಲಿ ಮೋಡ ಬರೆದು ಬಣ್ಣ ತುಂಬುತ್ತಿದ್ದಳು.

"ಇಷ್ಟು ಬೇಗ ಹೇಗೆ ಗೊತ್ತಾಯ್ತಮ್ಮ?" ಅಂತ ಪಿಸುಗುಟ್ಟಿದೆ.

"ನೀವು ಬಂದ್ರೆ ಇದೇ ಪಾಠ ಸರ್," ಅಂದಳು. "ನಾಳೆ ಮತ್ತೆ ಅಕ್ಬರ್."

ಆಗಲೂ ನಾನು ಅಂಕ ಕಡಿಮೆ ಮಾಡಲಿಲ್ಲ. ಶೀಟಿನಲ್ಲಿ ಅದಕ್ಕೊಂದು ಸಾಲಿರಲಿಲ್ಲ. ಇನ್ನೊಂದು ದಿನ ಮಧ್ಯಾಹ್ನ ಊಟವಾದ ಮೇಲೆ ಹಿಂದಿ ತರಗತಿಯಲ್ಲಿ ಕೂತು ನಿದ್ದೆ ಹೋದೆ. ಎಚ್ಚರವಾದಾಗ ಗಂಟೆ ಹೊಡೆಯುತ್ತಿತ್ತು. ಶಿಸ್ತಿನ ಸಾಲಿನಲ್ಲಿ 'ತರಗತಿ ಅತ್ಯಂತ ಶಾಂತವಾಗಿತ್ತು' ಅಂತ ಬರೆದೆ. ಹಿಂದಿ ಮೇಷ್ಟರು ನನಗೆ ಥ್ಯಾಂಕ್ಸ್ ಹೇಳಿದರು. ಅವರ ಮುಖದಲ್ಲಿ ನಗು ಇರಲಿಲ್ಲ. ಅದೇ ಅವರ ದೊಡ್ಡತನ.

ಆಮೇಲೆ ಯಜಮಾನರು ತರಗತಿಗಳಿಗೆ ಕ್ಯಾಮೆರಾ ಹಾಕಿಸಿದರು. ತೋಟದ ಮನೆಯಲ್ಲಿ ಕೂತು ಫೋನಿನಲ್ಲಿ ನೋಡುತ್ತಿದ್ದರು, ಅಲ್ಲಿಂದಲೇ ನನಗೆ ಕರೆ ಮಾಡುತ್ತಿದ್ದರು.

"ಸಿಕ್ಸ್ ಬಿ ಮೇಡಮ್ಮು ಕುಂತ್ಕಂಡವ್ರೆ. ಯಾಕೆ ಅಂತ ಕೇಳಿ."

ಹೋಗಿ ಕೇಳಿದೆ. ಆ ಮೇಡಂಗೆ ಏಳು ತಿಂಗಳಾಗಿತ್ತು. ಫೋನ್ ಮಾಡಿ ಹೇಳಿದೆ. "ಓ ಅಂಗಾ," ಅಂದರು ಯಜಮಾನರು. ಆದರೆ ಮರುದಿನ ಬೇರೆ ಎಲ್ಲ ತರಗತಿಗಳಿಂದ ಕುರ್ಚಿ ತೆಗೆಸಿದರು. ಸೆಕೆಗೆ ಬೆವರುತ್ತ ನಿಂತು ಪಾಠ ಮಾಡುವವರಿಗೆ ಬೆಂಚಿನಲ್ಲಿ ಕೂತುಕೊಂಡು ಅಂಕ ಹಾಕುವವನು ನಾನೊಬ್ಬನೇ.

ಬರಬರುತ್ತ ಕಣ್ಣಿನಿಂದ ನೋಡಿದ್ದು ಸಾಲದಾಯಿತು. ಸಾಫ್ಟ್‌ವೇರ್ ಮಾರುವ ಒಬ್ಬ ಹುಡುಗ ಬಂದ. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಟ್ಯಾಬ್. ಮೇಷ್ಟರು ಒಳ್ಳೆಯವರೋ ಅಲ್ಲವೋ ಅನ್ನುವುದನ್ನು ಮಕ್ಕಳ ಅಂಕಗಳೇ ಹೇಳುತ್ತವೆ ಅಂದ. ಜೂನ್‌ನಲ್ಲಿ ಒಂದು ಪರೀಕ್ಷೆ, ನವೆಂಬರ್‌ನಲ್ಲಿ ಇನ್ನೊಂದು. ಅಂಕ ಏರಿದ್ದರೆ ಮೇಷ್ಟರ ಹೆಸರಿನ ಮುಂದೆ ಹಸಿರು. ಅಲ್ಲೇ ಇದ್ದರೆ ಹಳದಿ. ಇಳಿದಿದ್ದರೆ ಕೆಂಪು. ಯಜಮಾನರಿಗೆ ಇದು ತುಂಬ ಹಿಡಿಸಿತು. "ಸಿಗ್ನಲ್ ಲೈಟು ಇದ್ದಂಗೈತೆ," ಅಂದರು. ನನಗೂ ಹಿಡಿಸಿತು. ಕೆಂಪು ಡಬ್ಬದ ನೆನಪಾಯಿತು.

ಇದರಲ್ಲಿ ಒಂದು ಹುಳುಕಿತ್ತು. ಜೂನ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಮಾಡಿ, ಉತ್ತರ ತಿದ್ದಿ, ಅಂಕ ತುಂಬುವವರು ಆಯಾ ಮೇಷ್ಟರೇ. ನವೆಂಬರ್‌ದು ಮಾತ್ರ ಎಲ್ಲ ವಿಭಾಗಕ್ಕೂ ಒಂದೇ ಪತ್ರಿಕೆ. ಮೊದಲ ವರ್ಷ ಚಾರ್ಟಿನಲ್ಲಿ ಎಲ್ಲ ಬಣ್ಣವೂ ಇತ್ತು. ಎರಡನೇ ವರ್ಷಕ್ಕೆ ಹೆಚ್ಚುಕಡಿಮೆ ಪೂರ್ತಿ ಹಸಿರು, ಮಳೆಗಾಲ ಮುಗಿದ ಮೈದಾನದ ಹಾಗೆ. ನಾನು ಹಿಗ್ಗಿದೆ. ಗೇಟಿನಾಚೆ ಚಹಾದ ಅಂಗಡಿಯಲ್ಲಿ ರಂಗನಾಥ್ ಹತ್ತಿರ ಹೇಳಿಕೊಂಡೆ.

"ಎಷ್ಟು ಸುಧಾರಿಸಿದೆ ನೋಡಿ ಸಾರ್, ಶಾಲೆ."

ರಂಗನಾಥ್ ಚಹಾ ಹೀರಿ ನನ್ನ ಮುಖ ನೋಡಿದರು. ನಾನು ತಮಾಷೆ ಮಾಡುತ್ತಿದ್ದೇನೋ ಇಲ್ಲವೋ ಅಂತ ನೋಡಿದ್ದು.

"ಸಾರ್, ನೀವು ಒಳ್ಳೇವ್ರು, ಅದಕ್ಕೆ ಹೇಳ್ತೀನಿ. ಜೂನಲ್ಲಿ ಬಿಗಿ ಹಿಡೀಬೇಕು. ಪ್ರಶ್ನೆ ಮುಂದಿನ ಕ್ಲಾಸಿಂದು ಹಾಕ್ಬೇಕು, ಅರ್ಧ ಮಾರ್ಕ್ಸ್ ಕೊಡೋಕೂ ಜೀವ ಹೋಗ್ಬೇಕು. ನವೆಂಬರ್ ಹೊತ್ತಿಗೆ ಮಕ್ಕಳು ತಾವಾಗೇ ಏರ್ತಾರೆ. ಅದಕ್ಕೆ ಪಾಠ ಮಾಡೋ ಅಗತ್ಯ ಏನೂ ಇಲ್ಲ."

"ಎಲ್ಲರೂ ಹೀಗೇ ಮಾಡ್ತಾರಾ?"

"ಮಾಡ್ದೇ ಇರೋರು ಯಾರು ಅಂತ ನಿಮ್ಮ ಚಾರ್ಟೇ ಹೇಳುತ್ತಲ್ಲ. ಯಾರು ಕೆಂಪೋ ಅವರು ಮಾಡಿಲ್ಲ."

ಅವರು ನಕ್ಕರು, ನಾನೂ ನಕ್ಕೆ. ನಗುವಾಗಲೇ ಗೊತ್ತಾಗಿತ್ತು, ನನ್ನ ಚಾರ್ಟು ಕೆಲಸಕ್ಕೆ ಬಾರದ್ದು ಅಂತ. ಯಜಮಾನರಿಗೆ ಹೇಳಬೇಕಿತ್ತು. ಹೇಳಿದ್ದರೆ ಎರಡು ವರ್ಷದಿಂದ ನಾನು ಒಪ್ಪಿಸಿದ್ದೆಲ್ಲ ಬೊಗಳೆ ಅಂತ ಆಗುತ್ತಿತ್ತು. ಅಷ್ಟರಲ್ಲಿ ನನಗೊಂದು ಸ್ವಂತ ಕೋಣೆ ಸಿಕ್ಕಿತ್ತು, ಫ್ಯಾನು ಇತ್ತು, ಬಾಗಿಲ ಮೇಲೆ ಹೆಸರಿತ್ತು. ಸುಮ್ಮನಾದೆ.

ಆ ವರ್ಷ ಚಾರ್ಟಿನಲ್ಲಿ ಒಂದೇ ಒಂದು ಕೆಂಪು ಇತ್ತು. ಏಳನೇ ತರಗತಿ, ಸಿ ವಿಭಾಗ, ಗಣಿತ. ಅಂದರೆ ಆ ಶಾಲೆಯಲ್ಲಿ ಜೂನ್ ಅಂಕವನ್ನು ಪ್ರಾಮಾಣಿಕವಾಗಿ ಕೊಟ್ಟಿದ್ದವರು ಒಬ್ಬರೇ.

ಆಫೀಸಿನಲ್ಲಿ ನಾವು ಅವರನ್ನು ಸೆವೆನ್ ಸಿ ಮೇಡಂ ಅನ್ನುತ್ತಿದ್ದೆವು. ಆ ವರ್ಷವೇ ಸೇರಿದ್ದರು. ಪ್ರೊಬೇಷನ್ ಮೇಲೆ ಇದ್ದರು, ಮಾರ್ಚ್‌ನಲ್ಲಿ ಕೆಲಸ ಖಾಯಂ ಆಗಬೇಕಿತ್ತು. ಮಗಳನ್ನು ನಮ್ಮಲ್ಲೇ ಎರಡನೇ ತರಗತಿಗೆ ಸೇರಿಸಿದ್ದರು. ಸಿಬ್ಬಂದಿಯ ಮಕ್ಕಳಿಗೆ ಫೀಸಿನಲ್ಲಿ ರಿಯಾಯಿತಿ ಇತ್ತು. ತಾಯಿಯ ಕೆಲಸ ಹೋದರೆ ರಿಯಾಯಿತಿಯೂ ಹೋಗುತ್ತದೆ, ಮಗಳನ್ನೂ ಬಿಡಿಸಬೇಕಾಗುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು, ಫೀಸು ಕೌಂಟರಿನಲ್ಲಿ ಕೂತು ಬಂದವನಲ್ಲವೇ. ಸಂಜೆ ಹೊತ್ತು ಆ ಮಗು ಸ್ಟಾಫ್ ರೂಮಿನ ಕಿಟಕಿ ಕೆಳಗೆ ಕೂತು ಟಿಫನ್ ಡಬ್ಬಿಯಲ್ಲಿ ಉಳಿದದ್ದನ್ನು ತಿನ್ನುತ್ತ ಅಮ್ಮನಿಗಾಗಿ ಕಾಯುತ್ತಿತ್ತು.

ಸಿ ವಿಭಾಗ ಅಂದರೆ ಯಾರಿಗೂ ಬೇಡದ ವಿಭಾಗ. ತಡವಾಗಿ ಸೇರಿದವರು, ಬೇರೆ ಶಾಲೆಯಲ್ಲಿ ಫೇಲಾಗಿ ಬಂದವರು. ಸುತ್ತ ಏಳುತ್ತಿದ್ದ ಅಪಾರ್ಟ್‌ಮೆಂಟುಗಳಲ್ಲಿ ಟೈಲ್ಸ್ ಹಾಕುವವರ, ಗ್ರಿಲ್ ವೆಲ್ಡಿಂಗ್ ಮಾಡುವವರ, ವೈರಿಂಗ್ ಎಳೆಯುವವರ ಮಕ್ಕಳು. ಅವರಲ್ಲಿ ಬಹಳ ಮಂದಿ ಮನೆಯಲ್ಲಿ ಉರ್ದು ಮಾತಾಡುವವರು, ನಮ್ಮ ಕಡೆಯ ದಖ್ಖನಿ ಉರ್ದು. ಮೇಡಂ ಮನೆಮಾತೂ ಅದೇ. ಅದಕ್ಕೇ ಆ ವಿಭಾಗ ಅವರಿಗೆ ಕೊಟ್ಟಿದ್ದರೇನೋ. ಯಾರೂ ಹಾಗಂತ ಬಾಯಿಬಿಟ್ಟು ಹೇಳಲಿಲ್ಲ.

ಕೆಂಪು ಬಂದವರ ತರಗತಿಯನ್ನು ಮತ್ತೊಮ್ಮೆ ಖುದ್ದಾಗಿ ನೋಡಬೇಕು ಅಂತ ನಿಯಮ. ಅದರಂತೆ ಒಂದು ಬೆಳಿಗ್ಗೆ ಹೊರಟೆ. ಅದೇ ದಿನ ಮೊದಲ ಪೀರಿಯಡ್‌ನಲ್ಲಿ ರಂಗನಾಥ್ ತರಗತಿಗೂ ಹೋಗಿದ್ದೆ. ಅವರು ಘರ್ಷಣೆಯ ಪಾಠ ಮಾಡುತ್ತಿದ್ದರು. ನಮ್ಮದು ಇಂಗ್ಲಿಷ್ ಮೀಡಿಯಂ ಶಾಲೆ. ರಂಗನಾಥ್ ಮಾತ್ರ ತಮ್ಮ ಹಳೇ ಮೊಪೆಡ್ಡು ಹೆಬ್ಬಾಳದ ಫ್ಲೈಓವರ್ ಮೇಲೆ ಮಳೆಯಲ್ಲಿ ಜಾರಿದ ಕಥೆಯನ್ನು ಅಪ್ಪಟ ಕನ್ನಡದಲ್ಲಿ ಹೇಳಿದರು. "ಟೈರು ಸವೆದು ನಮ್ಮ ಚೆಕಿಂಗ್ ಸಾರ್ ತಲೆ ಥರ ನುಣ್ಣಗಾಗಿತ್ತು ಕಣ್ರೋ, ಹಿಡಿತ ಎಲ್ಲಿಂದ ಬರುತ್ತೆ?" ಮಕ್ಕಳು ನಕ್ಕರು, ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಭಾಷೆಯ ಸಾಲಿನಲ್ಲಿ ಪೂರ್ತಿ ಅಂಕ ಹಾಕಿದೆ.

ಅಲ್ಲಿಂದ ಸೆವೆನ್ ಸಿಗೆ ಹೋಗಿ ಕೊನೇ ಬೆಂಚಿನಲ್ಲಿ ಕೂತೆ. ಮೇಡಂ ಬೋರ್ಡಿನ ಮೇಲೆ ಮೈನಸ್ ಮೂರು, ಮೈನಸ್ ಒಂದು ಅಂತ ಬರೆದು, ಯಾವುದು ದೊಡ್ಡದು ಅಂತ ಕೇಳಿದರು. ಮೈನಸ್ ಮೂರು ಅಂತ ಇಡೀ ತರಗತಿ ಕೂಗಿತು. ನನಗೂ ಹಾಗೇ ಅನ್ನಿಸಿತು, ಸದ್ಯ ನಾನು ಕೂಗಲಿಲ್ಲ. ಮೇಡಂ ತಪ್ಪು ಅನ್ನಲಿಲ್ಲ, ಸರಿ ಅನ್ನಲಿಲ್ಲ. ಏನೋ ವಿವರಿಸಿದರು. ಮತ್ತೆ ವಿವರಿಸಿದರು. ಆಮೇಲೆ ಉರ್ದುವಿನಲ್ಲಿ ಮಾತಾಡಿದರು. ಕೈಯನ್ನು ಕೆಳಗೆ ಇಳಿಸಿ, ಮೇಲೆ ಎತ್ತಿ ಏನೋ ತೋರಿಸಿದರು. ಹುಡುಗರು ತಮ್ಮ ತಮ್ಮಲ್ಲೇ ವಾದಕ್ಕೆ ಬಿದ್ದರು. ಮೇಡಂ ತಡೆಯಲಿಲ್ಲ. ಕಿಟಕಿಗೆ ಒರಗಿ ಸುಮ್ಮನೆ ನೋಡುತ್ತ ನಿಂತರು. ಬಹಳ ಹೊತ್ತು ನಿಂತರು. ಕೊನೆಗೆ ಒಬ್ಬ ಹುಡುಗ ಎದ್ದು ಬೋರ್ಡಿಗೆ ಹೋಗಿ ಮೈನಸ್ ಒಂದರ ಸುತ್ತ ಗೆರೆ ಎಳೆದ. ಮೇಡಂ ತಲೆಯಾಡಿಸಿದರು.

ನನ್ನ ಶೀಟಿನಲ್ಲಿ ಬರೆದೆ: 'ಬೋಧನಾ ಮಾಧ್ಯಮ ಬಿಟ್ಟು ಅನ್ಯ ಭಾಷೆ ಬಳಸಿದರು. ತರಗತಿಯಲ್ಲಿ ಗದ್ದಲ. ಶಿಕ್ಷಕಿ ಬಹುಕಾಲ ಬೋಧಿಸದೆ ನಿಂತಿದ್ದರು.' ಒಂದು ಅಕ್ಷರವೂ ಸುಳ್ಳಲ್ಲ. ಸಹನಾ, ಇದನ್ನು ನೀನು ಗಮನಿಸಬೇಕು.

ಫೆಬ್ರವರಿಯಲ್ಲಿ ಯಜಮಾನರ ಕೋಣೆಯಲ್ಲಿ ಸಭೆ ನಡೆಯಿತು. ಯಜಮಾನರು, ಪ್ರಿನ್ಸಿಪಾಲ್ ಮೇಡಂ, ನಾನು. ಯಾರ ಕೆಲಸ ಖಾಯಂ ಮಾಡಬೇಕು, ಯಾರನ್ನು ಬಿಡಬೇಕು ಅನ್ನುವ ಮಾತು. ಸೆವೆನ್ ಸಿ ಬಂದಾಗ ಪ್ರಿನ್ಸಿಪಾಲ್ ಸ್ವಲ್ಪ ತಡೆದರು.

"ಸರ್, ಈ ಟೀಚರ್‌ನ ಮಕ್ಕಳು ತುಂಬಾ ಇಷ್ಟಪಡ್ತಾರೆ. ಸಿ ಸೆಕ್ಷನ್‌ನಲ್ಲಿ ಆಬ್ಸೆಂಟ್ ಕಮ್ಮಿ ಆಗಿದೆ. ಇನ್ನೊಂದು ವರ್ಷ ನೋಡ್ಬೋದು."

"ಇಷ್ಟ ಪಡಾಕೇನು, ಐಸ್‌ಕ್ರೀಮ್ ಮಾರೋನ್ನೂ ಇಷ್ಟ ಪಡ್ತವೆ," ಅಂದರು ಯಜಮಾನರು. ಆಮೇಲೆ ನನ್ನ ಕಡೆ ತಿರುಗಿದರು. "ನೀವ್ ಏಳಿ. ನಿಮ್ ಚಾರ್ಟು ಏನ್ ಏಳ್ತದೆ?"

"ಕೆಂಪು ಇದೆ ಯಜಮಾನ್ರೇ. ಇಡೀ ಸ್ಕೂಲಲ್ಲಿ ಅದೊಂದೇ. ಕ್ಲಾಸಲ್ಲಿ ಕೂತು ನೋಡಿದಾಗಲೂ ಅಷ್ಟಕ್ಕಷ್ಟೇ."

ಪ್ರಿನ್ಸಿಪಾಲ್ ನನ್ನನ್ನೇ ನೇರ ನೋಡಿ ಕೇಳಿದರು. "ಚಾರ್ಟ್ ಬಿಡಿ ಸರ್. ನಿಮಗೇನು ಅನ್ಸುತ್ತೆ?"

ಅದು ನನಗೆ ಸಿಕ್ಕ ಅವಕಾಶ. ಜೂನ್ ಅಂಕದ ಆಟವನ್ನು ಅಲ್ಲೇ ಹೇಳಬಹುದಿತ್ತು. ಮೈನಸ್ ಒಂದರ ಸುತ್ತ ಗೆರೆ ಎಳೆದ ಹುಡುಗನ ಬಗ್ಗೆ ಹೇಳಬಹುದಿತ್ತು. ಆ ದಿನ ನನಗೂ ಆ ಲೆಕ್ಕ ಮೊದಲ ಸಲ ಅರ್ಥವಾಯಿತು ಅನ್ನಬಹುದಿತ್ತು. ನಾನು ಗಂಟಲು ಸರಿಮಾಡಿಕೊಂಡು ಹೇಳಿದ್ದು ಇಷ್ಟು.

"ನನ್ನ ಅನಿಸಿಕೆ ಮುಖ್ಯ ಅಲ್ಲ ಮೇಡಂ. ಡೇಟಾ ಇದೆಯಲ್ಲ."

ಆ ಮಾತನ್ನು ಸಾಫ್ಟ್‌ವೇರ್ ಹುಡುಗನಿಂದ ಕಲಿತಿದ್ದೆ. ಹೇಳಿದಾಗ ನಾನು ಬಹಳ ಓದಿದವನು ಅಂತ ನನಗೇ ಅನ್ನಿಸಿತು. ಯಜಮಾನರು ತಲೆದೂಗಿದರು. ಪ್ರಿನ್ಸಿಪಾಲ್ ಪೆನ್ನಿನ ಕ್ಯಾಪ್ ಹಾಕಿದರು. ಮುಂದಿನದಕ್ಕೆ ಹೋದೆವು.

ಆ ವರ್ಷದ ಶಾಲೆ ಮುಗಿದ ದಿನ, ಕೆಲಸ ಖಾಯಂ ಆಗದೆ ಹೊರಟಿದ್ದ ಸೆವೆನ್ ಸಿ ಮೇಡಂ ನನ್ನ ಕೋಣೆಗೆ ಬಂದರು. ಜಗಳಕ್ಕೆ ಬಂದರೇನೋ ಅಂತ ಎದ್ದು ನಿಂತೆ. ಅವರು ಬಂದದ್ದು ಲೈಬ್ರರಿ ಪುಸ್ತಕ ವಾಪಸು ಕೊಟ್ಟಿದ್ದಕ್ಕೆ ಸಹಿ ಹಾಕಿಸಿಕೊಳ್ಳಲು. ಹಾಕಿದೆ. ಹೊರಟವರು ಬಾಗಿಲ ಹತ್ತಿರ ನಿಂತರು.

"ಸರ್, ಒಂದ್ ವಿಷ್ಯ ಕೇಳ್ಬೋದಾ? ಆವತ್ತು ಕ್ಲಾಸಲ್ಲಿ ನಾನು ಹುಡುಗ್ರಿಗೆ ಏನು ಹೇಳ್ದೆ ಅಂತ ನಿಮಗೆ ಗೊತ್ತಾಯ್ತಾ?"

"ಇಲ್ಲಮ್ಮ. ನನಗೆ ಉರ್ದು ಬರಲ್ಲ."

"ಲಿಫ್ಟ್ ಬಗ್ಗೆ ಸರ್. ಇವರಪ್ಪಂದಿರು ಕೆಲಸ ಮಾಡೋ ಬಿಲ್ಡಿಂಗಲ್ಲಿ ಕಾರ್ ನಿಲ್ಲಿಸೋಕೆ ನೆಲದ ಕೆಳಗೆ ಮೂರು ಅಂತಸ್ತು ಇರುತ್ತೆ. ಲಿಫ್ಟಲ್ಲಿ ಮೈನಸ್ ಒನ್, ಮೈನಸ್ ಟೂ, ಮೈನಸ್ ತ್ರೀ ಅಂತ ಬಟನ್ ಇರುತ್ತಲ್ಲ. ಮೈನಸ್ ತ್ರೀ ಒತ್ತಿದ್ರೆ ಎಲ್ಲಕ್ಕಿಂತ ಕೆಳಗೆ ಹೋಗ್ತೀರ. ಮೈನಸ್ ಒನ್ ಒತ್ತಿದ್ರೆ ರಸ್ತೆಗೆ ಹತ್ರ. ಮೇಲಿರೋದು ಯಾವುದು, ನೀವೇ ಹೇಳಿ ಅಂದೆ. ಅಷ್ಟೇ."

"ಚೆನ್ನಾಗಿದೆ," ಅಂದೆ. ಆದರೂ ಬಾಯಿ ಸುಮ್ಮನಿರಲಿಲ್ಲ. "ಇಂಗ್ಲಿಷಲ್ಲೇ ಹೇಳಬಹುದಿತ್ತಲ್ಲಮ್ಮ? ರೂಲ್ಸ್ ಇದೆ."

"ಹೇಳ್ದೆ ಸರ್. ಮೊದಲು ಇಂಗ್ಲಿಷಲ್ಲೇ ಹೇಳ್ದೆ. ಅರ್ಧ ಜನಕ್ಕೆ ಗೊತ್ತಾಗ್ಲಿಲ್ಲ. ಆಮೇಲೆ ಕನ್ನಡದಲ್ಲಿ ಹೇಳ್ದೆ. ಹಿಂದಿನ ಬೆಂಚ್‌ನವರಿಗೆ ಇನ್ನೂ ಗೊತ್ತಾಗ್ಲಿಲ್ಲ. ಅದಕ್ಕೆ ಮೂರನೇ ಸಲ ನಮ್ಮ ಮಾತಲ್ಲಿ ಹೇಳ್ದೆ." ದನಿ ಏರಿಸದೆಯೇ ಅಂದರು, "ನೀವು ಮೂರನೇದನ್ನ ಮಾತ್ರ ಬರ್ಕೊಂಡ್ರಿ."

ನಮಸ್ಕಾರ ಮಾಡಿ ಹೋದರು. ಕಿಟಕಿಯಿಂದ ನೋಡಿದೆ. ಮಗಳ ಕೈ ಹಿಡಿದುಕೊಂಡು ಮೈದಾನ ದಾಟಿದರು. ಮಗು ಗೇಟಿನಲ್ಲಿ ವಾಚ್‌ಮನ್‌ಗೆ ಟಾಟಾ ಮಾಡಿತು, ಜೂನ್‌ನಲ್ಲಿ ಮತ್ತೆ ಬರುವವಳ ಹಾಗೆ.

ನಾನು ಕೂತು ಆ ದಿನವನ್ನು ನೆನಪಿಸಿಕೊಂಡೆ. ಹೌದು, ಅವರು ಕನ್ನಡದಲ್ಲೂ ಹೇಳಿದ್ದರು. ಕಾರು, ಕೆಳಗಿನ ಅಂತಸ್ತು ಅನ್ನುವ ಮಾತು ಕಿವಿಗೆ ಬಿದ್ದಿತ್ತು. ಅದು ನಿಯಮ ಮೀರಿದ್ದು ಅಂತ ನನಗೆ ಹೊಳೆಯಲೇ ಇಲ್ಲ. ನನಗೆ ಅರ್ಥವಾಗುವ ಮಾತು ಬೇರೆ ಭಾಷೆ ಹೇಗಾದೀತು? ರಂಗನಾಥ್ ಇಡೀ ಪೀರಿಯಡ್ ಕನ್ನಡದಲ್ಲಿ ಮಾತಾಡಿದರೆ ಅದು ಹಾಸ್ಯಪ್ರಜ್ಞೆ, ಈ ಮೇಡಂ ನನಗೆ ಬಾರದ ಭಾಷೆಯಲ್ಲಿ ನಾಲ್ಕು ವಾಕ್ಯ ಹೇಳಿದರೆ ಅದು ಅನ್ಯ ಭಾಷೆ. ಕಾರ್ಖಾನೆಯಲ್ಲಿ ಗೇಜ್ ಅನ್ನು ಆಗಾಗ ಬೇರೆ ಗೇಜಿಗಿಟ್ಟು ಪರೀಕ್ಷೆ ಮಾಡುತ್ತಿದ್ದರು, ಸವೆದಿದ್ದರೆ ಎಸೆಯುತ್ತಿದ್ದರು. ಶಾಲೆಯಲ್ಲಿ ಗೇಜ್ ನಾನೇ. ನನ್ನನ್ನು ಪರೀಕ್ಷೆ ಮಾಡುವವರು ಯಾರೂ ಇರಲಿಲ್ಲ.

ಆಗಲೂ ಸಮಯವಿತ್ತು. ಬೇಸಿಗೆ ರಜೆ ಪೂರ್ತಿ ಇತ್ತು. ಯಜಮಾನರ ಮನೆ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಹೋಗಲಿಲ್ಲ. ಜೂನ್‌ನಲ್ಲಿ ಸೆವೆನ್ ಸಿಗೆ ಹೊಸ ಮೇಡಂ ಬಂದರು. ರಂಗನಾಥ್ ಅವರಿಗೆ ಚಹಾ ಕುಡಿಸಿ ವಿಷಯ ಹೇಳಿಕೊಟ್ಟಿರಬೇಕು. ನವೆಂಬರ್‌ನಲ್ಲಿ ಸೆವೆನ್ ಸಿ ಹಸಿರಾಯಿತು. ಚಾರ್ಟಿನಲ್ಲಿ ಕೆಂಪು ಅನ್ನುವುದೇ ಉಳಿಯಲಿಲ್ಲ. ಯಜಮಾನರು ನನಗೆ ಶಾಲು ಹೊದಿಸಿದರು.

ಇದಾದ ಮೇಲೆ ನಡೆದದ್ದನ್ನೂ ಹೇಳಬೇಕು, ಇಲ್ಲದಿದ್ದರೆ ಅರ್ಧ ಹೇಳಿದಂತಾಗುತ್ತದೆ. ಒಂದೆರಡು ವರ್ಷ ಕಳೆದ ಮೇಲೆ ಶಾಲೆಗೆ ಒಬ್ಬ ತರಬೇತಿದಾರರನ್ನು ಕರೆಸಿದರು. ಮಕ್ಕಳಿಗೆ ಅವರ ಮನೆಮಾತಿನಲ್ಲಿ ವಿವರಿಸಿದರೆ ಬೇಗ ಕಲಿಯುತ್ತಾರೆ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ತಾಳ್ಮೆಯಿಂದ ಕಾಯಬೇಕು, ಮಕ್ಕಳು ವಾದ ಮಾಡಿದರೆ ತಡೆಯಬಾರದು ಅಂತ ಅವರು ಇಡೀ ದಿನ ಪರದೆ ಮೇಲೆ ಚಿತ್ರ ತೋರಿಸಿ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ರಂಗನಾಥ್ ಮಾತ್ರ ಬಗ್ಗಿ ನನ್ನ ಕಿವಿಯಲ್ಲಿ, "ಇದನ್ನ ನಾವು ಒಂದ್ಸಲ ಫ್ರೀಯಾಗಿ ನೋಡಿದ್ವಲ್ಲ ಸಾರ್," ಅಂದರು. ಅವರು ಆವತ್ತು ತಮಾಷೆ ಮಾಡಲಿಲ್ಲ.

ನನ್ನ ಶೀಟಿಗೆ ಹೊಸ ಸಾಲು ಬಂತು: 'ಮನೆಮಾತನ್ನು ಬಳಸಿದರೇ?' ಅದಕ್ಕೂ ಅಂಕ. ಅಲ್ಲಿಂದ ನಾನು ಬಾಗಿಲಲ್ಲಿ ಕಾಣಿಸಿಕೊಂಡ ಕೂಡಲೇ ಮೇಷ್ಟರುಗಳು ಪಾಠ ನಿಲ್ಲಿಸಿ ಎರಡು ವಾಕ್ಯ ತೆಲುಗು, ಒಂದು ವಾಕ್ಯ ತಮಿಳು ಹೇಳಿ ಮತ್ತೆ ಇಂಗ್ಲಿಷಿಗೆ ಹೋಗುತ್ತಿದ್ದರು. ಜಲಚಕ್ರದ ಮೇಡಂ ಉರ್ದುವಿನಲ್ಲಿ ಮೋಡಕ್ಕೆ ಏನನ್ನುತ್ತಾರೆ ಅಂತ ಯಾರನ್ನೋ ಕೇಳಿ ಕಲಿತಿದ್ದರು. ಅಂಕ ಕೊಟ್ಟೆ.

ಮೊಣಕಾಲು ಕೈಕೊಟ್ಟ ಮೇಲೆ ಕೆಲಸ ಬಿಟ್ಟೆ. ಬೀಳ್ಕೊಡುಗೆ ದಿನ ಯಜಮಾನರು, "ಇವ್ರು ಯಾರ್ ಮುಖಾನೂ ನೋಡ್ದೆ ಮಾರ್ಕ್ಸ್ ಆಕ್ದೋರು," ಅಂತ ಹೊಗಳಿದರು. ನಿಜವೇ. ಮುಖ ನೋಡಿರಲಿಲ್ಲ.

ಸಹನಾ, ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ, ಆದರೂ ಒಂದೆರಡು ಮಾತು. ಶೀಟು ಇರಲಿ, ಬಿಸಾಡಬೇಡ. ನೀನು ಬಿಸಾಡಿದರೆ ಇನ್ನೊಂದು ಕೊಡುತ್ತಾರೆ. ತರಗತಿ ಮುಗಿದ ಮೇಲೆ ಮೇಷ್ಟರ ಜೊತೆ ಕೂತು, ನೀವು ಹೀಗೆ ಮಾಡಿದ್ದು ಯಾಕೆ ಅಂತ ಕೇಳು. ನಾನು ಅಷ್ಟು ವರ್ಷ ಯಾರನ್ನೂ ಹಾಗೆ ಕೇಳಲಿಲ್ಲ. ಮಾರ್ಕ್ಸ್ ನೋಡುವಾಗ ಆ ಮಾರ್ಕ್ಸ್ ಕೊಟ್ಟವರು ಯಾರು ಅಂತ ಮೊದಲು ನೋಡು. ಒಂದು ತರಗತಿಯಲ್ಲಿ ನಿನಗೆ ಏನೂ ಅರ್ಥವಾಗದೆ ಹೋದರೆ, ಅದು ಆ ತರಗತಿಯ ಸಮಸ್ಯೆ ಆಗಿರಲೇಬೇಕು ಅಂತಿಲ್ಲ. ಮತ್ತೆ ಯಾರಾದರೂ ನಿನ್ನನ್ನೇ ನೋಡಿ, ನಿಮಗೇನು ಅನ್ಸುತ್ತೆ ಅಂತ ಕೇಳಿದರೆ, ಅನ್ನಿಸಿದ್ದನ್ನು ಹೇಳಿಬಿಡು. ಆ ಪ್ರಶ್ನೆ ಪದೇ ಪದೇ ಬರುವುದಿಲ್ಲ.

ಹೋದ ವರ್ಷ ಕಣ್ಣಿನ ಡಾಕ್ಟರ ಹತ್ತಿರ ಆರ್.ಟಿ. ನಗರಕ್ಕೆ ಹೋಗಿದ್ದೆ. ಬಸ್ ಸ್ಟಾಪಿನಲ್ಲಿ ಯಾರೋ, "ನಮಸ್ಕಾರ ಸರ್," ಅಂದರು. ಕಪ್ಪು ಕನ್ನಡಕ ಹಾಕಿದ್ದೆ, ಗುರುತು ಹತ್ತಲು ತುಸು ಹೊತ್ತು ಬೇಕಾಯಿತು. ಸೆವೆನ್ ಸಿ ಮೇಡಂ. ಪಕ್ಕದಲ್ಲಿ ಅವರಷ್ಟೇ ಎತ್ತರದ ಹುಡುಗಿ.

"ಕೌನ್ ಅಮ್ಮೀ?" ಅಂತ ಹುಡುಗಿ ಮೆಲ್ಲಗೆ ಕೇಳಿದಳು. ಅಷ್ಟು ಉರ್ದು ನನಗೆ ಗೊತ್ತಾಯಿತು.

"ನಮ್ಮ ಹಳೇ ಸ್ಕೂಲಲ್ಲಿದ್ರಲ್ಲ, ಸರ್," ಅಂತ ಅವರು ಮಗಳಿಗೆ ಕನ್ನಡದಲ್ಲೇ ಹೇಳಿದರು, ನನಗೂ ತಿಳಿಯಲಿ ಅಂತ. ಅದನ್ನು ಕೇಳಿ ನನಗೆ ನಾಚಿಕೆಯಾಯಿತು. "ಕಣ್ಣಿಗೇನಾಯ್ತು ಸರ್?"

"ಪೊರೆ ಬಂದಿತ್ತಮ್ಮ. ತೆಗೆದ್ರು. ನೀವು ಈಗ ಎಲ್ಲಿ?"

"ಇಲ್ಲೇ ಒಂದು ಸ್ಕೂಲಲ್ಲಿ ಸರ್. ಗಣಿತಾನೇ. ಒಂದು ವರ್ಷ ಮನೇಲಿ ಕೂತಿದ್ದೆ, ಆಮೇಲೆ ಸಿಕ್ತು. ಇವಳಿಗೂ ಒಂದು ವರ್ಷ ಹಾಳಾಯ್ತು. ಈಗ ಪರವಾಗಿಲ್ಲ."

ಆ ವರ್ಷ ಹಾಳು ಮಾಡಿದವನು ನಾನು ಅಂತ ಅಲ್ಲೇ ಹೇಳಬೇಕಿತ್ತು. ಸುತ್ತಮುತ್ತ ಯಾರೂ ಇರಲಿಲ್ಲ, ಬಸ್ಸೂ ಬಂದಿರಲಿಲ್ಲ. ನಾನು ಹುಡುಗಿಯನ್ನು ಎಷ್ಟನೇ ಕ್ಲಾಸಮ್ಮ ಅಂತ ಕೇಳಿದೆ. ಅವಳು ಹೇಳಿದಳು. ಚೆನ್ನಾಗಿ ಓದು ಅಂದೆ. ಹೀಗೆ ಹೇಳಲು ನನಗೆ ಅಧಿಕಾರವಿದೆ ಅನ್ನುವ ಹಾಗೆ ಅವಳ ತಲೆಯನ್ನೂ ಸವರಿದೆ. ವಿದ್ಯಾರಣ್ಯಪುರದ ಬಸ್ಸು ಬಂತು. ಮೇಡಂ ನನ್ನ ಮೊಣಕೈ ಹಿಡಿದು ಹತ್ತಿಸಿದರು, "ನಿಧಾನ ಸರ್," ಅಂದರು. ಬಸ್ಸು ಹೊರಟಿತು.

ಶೀಟಿನಲ್ಲಿ, ಚಾರ್ಟಿನಲ್ಲಿ, ಸಭೆಯಲ್ಲಿ ನಾನು ಅವರನ್ನು ತರಗತಿಯ ಹೆಸರಿನಿಂದ ಕರೆದೆ. ಇಲ್ಲಿಯೂ ಹಾಗೇ ಬರೆಯುತ್ತ ಬಂದಿದ್ದೇನೆ, ಅಭ್ಯಾಸ. ಅವರ ಹೆಸರು ಮುಬೀನಾ ಬೇಗಂ. ಗಣಿತ ಚೆನ್ನಾಗಿ ಕಲಿಸುತ್ತಿದ್ದರು.